ಮೂರನೆಯ ಕಚ್ಚು

ವೆರ್ಚೆಲ್ಲಿಯ ಭತ್ತದ ಬಯಲಲ್ಲಿ ನವೆಂಬರ್.
ಗೇಟು ಮುಟ್ಟಿದ ಮೇಲೂ ಗಿರಣಿ ಕಾಣದಷ್ಟು ಮಂಜು;
ನಾಯಿ ಬೊಗಳಿದ ದಿಕ್ಕಿಗೆ ನಡೆದೆ.

ಎರ್ಮಿನಿಯೊ ಪ್ರಾರೊಲೊ ಬಾಗಿಲೆತ್ತರಕ್ಕೆ ನಿಂತಿದ್ದ,
ಕೈಯಲ್ಲಿ ಒದ್ದೆ ಬಟ್ಟೆ.
"ಒರೆಸಿಬಿಡಲೇ?"
ಬೇಡ ಬೇಡ ಎಂದು ಹೆಚ್ಚುಕಡಿಮೆ ಕಿರುಚಿದೆ.
ಈ ಧೂಳಿಗೂ ಈಗ ದರವಿದೆ ಮಾರಾಯರೇ,
ಐವತ್ತು ವರ್ಷದ ತೌಡು, ಹೊಟ್ಟು, ಪಾರಿವಾಳದ ಹಿಕ್ಕೆ.
ಒಮ್ಮೆ ಎಳೆದರೆ ಸಾವಿರ ಯುರೋ
ಬಟ್ಟೆಗಂಟಿ ಹೋಗುತ್ತದೆ.
ಅವನು ಅದನ್ನು ಮಡಚಿ
ಬೈಸಿಕೊಂಡ ಹುಡುಗನಂತೆ ಜೇಬಿಗೆ ತುರುಕಿದ.

ಅರವತ್ಮೂರರ ಆಲ್ಫಾ ರೋಮಿಯೊ, ಜೂಲಿಯಾ ಸ್ಪೈಡರ್.
ಒಂದು ಕಾಲದ ಕೆಂಪು
ಈಗ ಡಬ್ಬಿಯ ತಳದಲ್ಲುಳಿದ ಮೆಣಸಿನ ಪುಡಿ.

ಎಲ್ಲರೂ ಎಂಜಿನ್ನಿಗೆ ಓಡುತ್ತಾರೆ.
ನಾನು ಮೊದಲು ಮೂಸುತ್ತೇನೆ:
ಇಲಿ, ಚರ್ಮ, ಅರಗಾಗಿ ಹೆಪ್ಪುಗಟ್ಟಿದ ಪೆಟ್ರೋಲು.
ಆಮೇಲೆ ನೆಲಕ್ಕೆ ಗೋಣಿ ಹಾಸಿ ಅಂಗಾತ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ;
ಇದರ ಹೊಟ್ಟೆಯ ಹುಣ್ಣಿಗೆ ಬೇಕು,
ಹಲ್ಲಿನ ಡಾಕ್ಟರರದ್ದು, ಕೋಲಿಗೆ ಕಟ್ಟಿದ್ದು.
ಎಡಗಡೆ ತಳದ ತಗಡು ಹಪ್ಪಳ.
ಬಲಗಡೆ ಗಟ್ಟಿ, ಸ್ಕ್ರೂಡ್ರೈವರು ಟಣ್ ಎಂದಿತು.
ಚಾಸಿಯ ಸಂಖ್ಯೆ, ಎಂಜಿನ್ನಿನ ಸಂಖ್ಯೆ,
ಮಾಸಿದ ನೋಂದಣಿ ಪುಸ್ತಕ: ಮೂರೂ ಒಂದೇ ಮಾತು.

ಬಾನೆಟ್ಟಿನ ಮೇಲೊಂದು ಗಾಳಿಗಂಡಿ.
ಗಾಳಿ ಹೋಗುವುದಿಲ್ಲ ಅದರಲ್ಲಿ, ಸುಮ್ಮನೆ ತೋರಿಕೆ.
ಕಾರ್ಖಾನೆಯೇ ಹೇಳಿದ ಸುಳ್ಳಾದ್ದರಿಂದ
ಅದಕ್ಕೆ ಪೂರ್ತಿ ಬೆಲೆ.

ಮುಂದಿನ ಎಡ ಮಡ್‌ಗಾರ್ಡಿಗೆ ಅಯಸ್ಕಾಂತ ಇಟ್ಟೆ.
ಬಿತ್ತು.
ಇನ್ನೊಮ್ಮೆ ಇಟ್ಟೆ, ನಾಲ್ಕು ಬೆರಳು ಮೇಲೆ.
ಬಿತ್ತು.
"ಎಲ್ಲೂ ಗುದ್ದಿಲ್ಲ ಅಂದಿರಿ."
"ಇಲ್ಲ."
"ನಿಮ್ಮ ಹೊರತು ಯಾರೂ ಓಡಿಸಿಲ್ಲ."
"ಯಾರೂ."

ಬಾಗಿಲು ತೆಗೆದು ಕೂರಲು ಹೋದರೆ
ಮೊಣಕಾಲು ಸ್ಟಿಯರಿಂಗಿಗೆ ಸಿಕ್ಕಿಕೊಂಡಿತು.
ಸೀಟು ಮುಂದಿನಿಂದ ಮೂರನೆಯ ಕಚ್ಚಿನಲ್ಲಿ
ಹಳಿಗೆ ತುಕ್ಕು ಹಿಡಿದು ಕೂತಿದೆ;
ಅಲ್ಲಾಡಿಸಿದರೆ ಅಲ್ಲಾಡದು.
ನಾನೇನು ಅಂಥ ಉದ್ದದವನಲ್ಲ.
ಅವನೋ, ತೊಲೆಗೆ ತಲೆ ತಾಗಬಾರದೆಂದು
ಬಗ್ಗಿ ಬಗ್ಗಿ ಬೆನ್ನು ಹಾಗೇ ನಿಂತವನು.

ನಾನು ಕೇಳಲಿಲ್ಲ.
ಪಟ್ಟಿಯಲ್ಲಿ ಬರೆದೆ: ಚಾಲಕನ ಸೀಟು, ಮೂಲದ್ದು, ಜರುಗಿಸಬಾರದು.

ಹೊರಗೆ ಮಂಜಿನಲ್ಲಿ ಟ್ರ್ಯಾಕ್ಟರೊಂದು ಹೋಯಿತು, ಬರೀ ಸದ್ದು.
"ಜೆಲ್ಮಿರಾ" ಎಂದ.
"ಗಿರಣಿಯ ಲೆಕ್ಕ ಬರೆಯುತ್ತಿದ್ದಳು.
ಭಾನುವಾರ ಕಾಲುವೆ ದಾರಿಯಲ್ಲಿ ಕಲಿಸುತ್ತಿದ್ದೆ.
ಸೇತುವೆಯ ಕಲ್ಲಿಗೆ... ಅವಳು ಅಳಲಿಲ್ಲ, ನಕ್ಕಳು."
ಬಟ್ಟೆ ಜೇಬಿನಿಂದ ತೆಗೆದು ಮತ್ತೆ ಒಳಗಿಟ್ಟ.
"ಈ ಮಡ್‌ಗಾರ್ಡಿಗೆ ಎಷ್ಟು ಕಡಿತ?"
"ಮೂರು ಸಾವಿರ."
"ಯಾರು ಗುದ್ದಿದ್ದು ಅಂತ ಬರೆದರೆ?"
ಮಾರುಕಟ್ಟೆ ಕಥೆಗೆ ದುಡ್ಡು ಕೊಡುತ್ತದೆ, ಎಂದೆ,
ಕಾಗದವಿದ್ದರೆ. ಚಿತ್ರವಿದ್ದರೆ. ಏನಾದರೂ ಉಂಟೇ?

ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ.
ಬಂದಾಗ ಕೈಯಲ್ಲಿ ಅಕ್ಕಿಯ ಚೀಲದ ತುಂಡು,
ಅದರೊಳಗೆ ಹೆಡ್‌ಲೈಟಿನ ಕ್ರೋಮಿನ ಬಳೆ,
ಒಂದು ಕಡೆ ಚಪ್ಪಟೆ.
ಕನ್ನಡಕ ಏರಿಸಿ ತಿರುವಿ ನೋಡಿದೆ: ಕಾರ್ಖಾನೆಯ ಮುದ್ರೆ ಸರಿ.
ಮೂಲ ಬಿಡಿಭಾಗ, ಇನ್ನೂರು ಯುರೋ ಸೇರಿಸಬಹುದು.

ಸೇರಿಸಿದೆ. ಒಟ್ಟು ಐವತ್ತೊಂದು ಸಾವಿರದ ಇನ್ನೂರು.
ಕೆಳಗೆ ಗೆರೆ ಎಳೆದು ಕಾಗದ ತಿರುಗಿಸಿ ಕೊಟ್ಟೆ.
ಬೆರಳಿಟ್ಟು ಒಂದೊಂದೇ ಸಾಲು ಓದಿದ,
ಮೂಸಿದ್ದೊಂದು ಬಿಟ್ಟು ಎಲ್ಲ ಇತ್ತು ಅದರಲ್ಲಿ.
"ಸರಿ, ಮಾರೋಣ" ಎಂದ.
ಬಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು
ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದ.

ನಾನು ಇನ್ನೂರನ್ನು ಹೊಡೆದುಹಾಕಿದೆ.